ಸಿ10: ಸೀಟಿನ ಹಿಂದಿನ ಟ್ಯಾಂಕ್ ತೆಗೆದು ಎಲ್ಲಿ ಕೂರಿಸಲಿ?

ಹಳೇಸಿ10:
ಸಾಕಾಗಿ ಹೋಗಿದೆ. ಗಾಡಿ 1970ರ ಶೆವರ್ಲೆ ಸಿ10 ಪಿಕಪ್. ಟ್ಯಾಂಕ್ ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೇ ಅಂಟಿಕೊಂಡಿದೆ. ಗಾಡಿಯಲ್ಲಿ ಕೂತು ಎದ್ದರೆ ಅಂಗಿಯೆಲ್ಲ ಪೆಟ್ರೋಲ್ ವಾಸನೆ. ಹೊಸ ಟ್ಯಾಂಕ್ ಹಾಕಿಸಿದೆ, ಆದರೂ ಅದೇ ಕಥೆ. ಮನೆಯವರು ಈ ಗಾಡಿ ಹತ್ತುವುದನ್ನೇ ಬಿಟ್ಟಿದ್ದಾರೆ. ಟ್ಯಾಂಕ್ ಹೊರಗೆ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಬೆಡ್ (ಸಾಮಾನು ಹಾಕುವ ಹಿಂದಿನ ತೊಟ್ಟಿ) ಕೆಳಗೆ ಹಿಂದೆ ಹಾಕಲೋ, ಪಕ್ಕಕ್ಕೆ ಹಾಕಲೋ? ಜಾಗ ಹೇಳಿ ಸಾಕು. "ಇದ್ದಲ್ಲೇ ಇರಲಿ ಬಿಡಿ" ಅನ್ನುವ ಉಪದೇಶ ಬೇಡ.

ಗ್ಯಾರೇಜ್_ಗುಂಡ:
ಯೋಚನೆ ಯಾಕೆ ಗುರುವೇ? ಶೆವರ್ಲೆಯ ಜೀಪ್ ಥರದ ಗಾಡಿ ಬ್ಲೇಝರ್ ಇದೆಯಲ್ಲ, ಅದರ ಟ್ಯಾಂಕ್. 1969ರಿಂದ 72ರವರೆಗಿನ ಬ್ಲೇಝರ್‌ನಲ್ಲಿ ಟ್ಯಾಂಕ್ ಹಿಂದಿನ ಆಕ್ಸಲ್ ದಾಟಿ, ಎರಡು ಚಾಸಿ ರೈಲ್ (ಉದ್ದದ ಕಬ್ಬಿಣದ ತೊಲೆ) ನಡುವೆ ಇರುತ್ತದೆ. ಅದೇ ಕಾಲದ ಗಾಡಿ, ಅದೇ ಕಂಪನಿ. ಸ್ಪೇರ್ ಟೈರ್ ಜಾಗ ಹೋಗುತ್ತದೆ, ಅಷ್ಟೇ. ಮುಗೀತು ಕಥೆ.

ಸ್ಟಾಕ್_ಸಾಕು:
ಉಪದೇಶ ಬೇಡ ಅಂದಿದ್ದೀರಿ, ಆದರೂ ಹೇಳುತ್ತೇನೆ. ಟ್ಯಾಂಕ್ ಬದಲಾಯಿಸಿದಿರಿ ಸರಿ. ಮುಚ್ಚಳದಿಂದ ಟ್ಯಾಂಕ್‌ಗೆ ಬರುವ ರಬ್ಬರ್ ಹೋಸ್ ಬದಲಾಯಿಸಿದಿರಾ? ಸೆಂಡರ್ (ಪೆಟ್ರೋಲ್ ಎಷ್ಟಿದೆ ಎಂದು ಗೇಜ್‌ಗೆ ಹೇಳುವ ಭಾಗ) ಕೆಳಗಿನ ಗ್ಯಾಸ್ಕೆಟ್? ಮುಚ್ಚಳದ ವಾಷರ್? ಒಳಗಿನ ಟ್ಯಾಂಕ್ ವಾಸನೆ ಬರುವುದು ಹೆಚ್ಚಾಗಿ ಈ ಮೂರು ಕಡೆಯಿಂದ. ತಗಡು ಸುಮ್ನೆ ವಾಸನೆ ಬಿಡುವುದಿಲ್ಲ.

ಹಳೇಸಿ10:
ಸ್ಟಾಕ್ ಸಾಕು ಅವರೇ, ನನ್ನ ಪ್ರಶ್ನೆ ಅದಲ್ಲ. ಹೋಸ್ ಗಟ್ಟಿಯಾಗೇ ಇದೆ, ಕೈಯಿಂದ ಒತ್ತಿ ನೋಡಿದ್ದೇನೆ.

ಸ್ಟಾಕ್_ಸಾಕು:
ಗಟ್ಟಿ ಇದೆ ಅಂದರೆ ಹೋಗಿದೆ ಅಂತಲೇ ಅರ್ಥ. ರಬ್ಬರ್ ಮೆತ್ತಗಿರಬೇಕು ಸ್ವಾಮಿ.

ಎಲ್‌ಎಸ್_ಪ್ರಿಯ:
ಯಾವ ಇಂಜಿನ್? ಇದು ಮೊದಲು ಗೊತ್ತಾಗಬೇಕು. ನನ್ನದರಲ್ಲಿ ಹೊಸ ಕಾಲದ ಇಂಜೆಕ್ಷನ್ ಇಂಜಿನ್, 5.3 ಲೀಟರ್ ಎಲ್‌ಎಸ್ ಇದೆ. ಟ್ಯಾಂಕ್ ಒಳಗೇ ಪಂಪ್. ಕಾರ್ವೆಟ್ ಸಿ5ರ ಫಿಲ್ಟರ್ ಹಾಕಿದ್ದೇನೆ, ರೆಗ್ಯುಲೇಟರ್ ಅದರೊಳಗೇ ಇರುತ್ತದೆ. 58 ಪಿಎಸ್ಐ ಒತ್ತಡ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಟ್ಯಾಂಕ್ ಹತ್ತಿರವೇ ರಿಟರ್ನ್, ಇಂಜಿನ್‌ವರೆಗೆ ಒಂದೇ ಲೈನ್. ಲೈನೆಲ್ಲ ಸ್ಟೇನ್‌ಲೆಸ್, ನಾನೇ ಬಗ್ಗಿಸಿದ್ದು. ಫೋಟೋ ಬೇಕಾದರೆ ಹಾಕುತ್ತೇನೆ.

ಗ್ಯಾರೇಜ್_ಗುಂಡ:
ಯಾರೂ ಕೇಳಲಿಲ್ಲ ಮಾರಾಯ.

ಹಳೇಸಿ10:
350 ಘನ ಇಂಚಿನ ಇಂಜಿನ್, ಕಾರ್ಬೊರೇಟರ್, ಮೆಕ್ಯಾನಿಕಲ್ ಪಂಪ್. ಮತ್ತೇನಿರುತ್ತೆ?

ಎಲ್‌ಎಸ್_ಪ್ರಿಯ:
ಹಾಗಾದರೆ ಹಿಂದೆ ಹಾಕಿದರೆ ಕಷ್ಟ. ಈಗ ಟ್ಯಾಂಕ್ ಎತ್ತರದಲ್ಲಿದೆ, ಪೆಟ್ರೋಲ್ ತಾನಾಗಿ ಪಂಪ್ ಕಡೆ ಇಳಿಯುತ್ತದೆ. ಬೆಡ್ ಕೆಳಗೆ ಹೋದರೆ ಪಂಪ್ ಅಷ್ಟು ದೂರದಿಂದ, ಅದೂ ಕೆಳಗಿನಿಂದ ಎಳೆಯಬೇಕು. ಎಲೆಕ್ಟ್ರಿಕ್ ಪಂಪ್ ಹಾಕಿ. ಟ್ಯಾಂಕ್ ಪಕ್ಕದಲ್ಲೇ, ಟ್ಯಾಂಕ್‌ಗಿಂತ ಕೆಳಗೆ ಕೂರಿಸಿ. ಅದಕ್ಕೆ ಒತ್ತುವುದು ಸುಲಭ, ಎಳೆಯುವುದು ಕಷ್ಟ.

ಗ್ಯಾರೇಜ್_ಗುಂಡ:
ಬ್ಲೇಝರ್‌ನಲ್ಲಿ ಕಂಪನಿಯವರೇ ಹಿಂದಿನ ಟ್ಯಾಂಕ್‌ಗೆ ಮುಂದೆ ಮೆಕ್ಯಾನಿಕಲ್ ಪಂಪ್ ಕೊಟ್ಟಿದ್ದರು. ಅದು ಓಡಲಿಲ್ಲವಾ? ಕಾರ್ಬೊರೇಟರ್‌ಗೆ ಬೇಕಾದ್ದು 5ರಿಂದ 7 ಪಿಎಸ್ಐ. ಸುಮ್ನೆ ಹೆದರಿಸಬೇಡಿ. ಸಕ್ಷನ್ ಲೈನ್ ಸೈಲೆನ್ಸರ್ ಪೈಪ್‌ನಿಂದ ದೂರ ಹೋದರೆ ಸಾಕು. ಎಳೆಯುವ ಲೈನ್‌ನಲ್ಲಿ ಒತ್ತಡ ಕಡಿಮೆ ಇರುತ್ತದೆ. ಅಲ್ಲಿ ಬಿಸಿ ತಾಗಿದರೆ ಪೆಟ್ರೋಲ್ ಆವಿಯಾಗಿ ಪಂಪ್ ಬರೀ ಗಾಳಿ ತಿನ್ನುತ್ತದೆ.

ಪಿಂಟೋ_ನೆನಪಿರಲಿ:
ಆಕ್ಸಲ್ ಹಿಂದೆ ಟ್ಯಾಂಕ್ ಹಾಕಿ ಅನ್ನುವವರು ಫೋರ್ಡ್ ಪಿಂಟೋ ಕಥೆ ಕೇಳಿಲ್ಲ ಅನಿಸುತ್ತದೆ. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಮುಂದಕ್ಕೆ ಸರಿದು ಆಕ್ಸಲ್‌ಗೆ ಬಡಿಯುತ್ತಿತ್ತು. 1978ರಲ್ಲಿ ಗಾಡಿಗಳನ್ನೆಲ್ಲ ವಾಪಸ್ ಕರೆಸಬೇಕಾಯಿತು.

ಗ್ಯಾರೇಜ್_ಗುಂಡ:
ಪಿಂಟೋ ಪುಟ್ಟ ಕಾರು, ಟ್ಯಾಂಕ್‌ಗೂ ಡಿಫರೆನ್ಶಿಯಲ್‌ಗೂ ನಡುವೆ ಜಾಗವೇ ಇರಲಿಲ್ಲ. ಇಲ್ಲಿ ಎರಡೂ ಕಡೆ ಚಾಸಿ ಇದೆ, ಹಿಂದೆ ಕ್ರಾಸ್‌ಮೆಂಬರ್ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪಿಂಟೋ_ನೆನಪಿರಲಿ:
ಚಾಸಿ ಪಕ್ಕದಿಂದ ಕಾಯುತ್ತದೆ, ಹಿಂದಿನಿಂದ ಅಲ್ಲ.

ಸ್ಟಾಕ್_ಸಾಕು:
ಪಕ್ಕದ ಮಾತು ಬಂತಲ್ಲ, ಪಕ್ಕಕ್ಕೆ ಹಾಕುವ ಯೋಚನೆ ಇದ್ದರೆ ಇವತ್ತೇ ಬಿಡಿ. 1973ರಿಂದ 87ರವರೆಗೆ ಜಿಎಂ (ಶೆವರ್ಲೆಯ ಮಾತೃಸಂಸ್ಥೆ) ಪಿಕಪ್‌ಗಳಲ್ಲಿ ಟ್ಯಾಂಕ್ ಚಾಸಿ ರೈಲ್‌ನ ಹೊರಗಡೆ ಇತ್ತು. ಪಕ್ಕದಿಂದ ಗುದ್ದಿದಾಗ ಏನಾಗುತ್ತದೆ ಎಂಬುದರ ಮೇಲೆ ಸರ್ಕಾರದ ತನಿಖೆ ವರ್ಷಗಟ್ಟಲೆ ನಡೆಯಿತು, 1994ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ, 1988ರ ಹೊಸ ಮಾದರಿಯಲ್ಲೇ, ಅವರು ಟ್ಯಾಂಕನ್ನು ರೈಲ್ ಒಳಗೆ ತಂದಿದ್ದರು.

ಪಿಂಟೋ_ನೆನಪಿರಲಿ:
ಒಳಗೆ ತಂದರು ನಿಜ. ಆದರೆ ಆಕ್ಸಲ್‌ಗಿಂತ ಮುಂದೆ.

ಹಳೇಸಿ10:
ಸರಿ, ಹಾಗಾದರೆ ನಾನೂ ಆಕ್ಸಲ್‌ಗಿಂತ ಮುಂದೆ, ರೈಲ್ ಒಳಗೆ ಹಾಕಿದರೆ?

ಗ್ಯಾರೇಜ್_ಗುಂಡ:
ಜಾಗ ಎಲ್ಲಿದೆ? ಹಿಂದೆ ಕಾಯಿಲ್ ಸ್ಪ್ರಿಂಗಾ, ಲೀಫಾ? ಕಾಯಿಲ್ ಆದರೆ ಎರಡು ಟ್ರೇಲಿಂಗ್ ಆರ್ಮ್ ಆಕ್ಸಲ್‌ನಿಂದ ಹೊರಟು ಗೇರ್‌ಬಾಕ್ಸ್ ಹಿಂದಿನ ಕ್ರಾಸ್‌ಮೆಂಬರ್ ಕಡೆಗೆ ಓರೆಯಾಗಿ ಬರುತ್ತವೆ. ಮಧ್ಯದಲ್ಲಿ ಪ್ರೊಪೆಲ್ಲರ್ ಶಾಫ್ಟ್ ಬೇರೆ. ಉಳಿದ ಸಂದಿಯಲ್ಲಿ ಟ್ಯಾಂಕ್ ಅಲ್ಲ, ಒಂದು ಕ್ಯಾನ್ ಇಟ್ಟರೂ ದೊಡ್ಡದು. ನಾನು ಮೊದಲೇ ಹೇಳಿದೆ, ಬ್ಲೇಝರ್.

ಓಮ್ಸ್_ಅಕ್ಕ:
ಯಾವ ಟ್ಯಾಂಕ್ ಆದರೂ ಹಾಕಿ, ಸೆಂಡರ್ ನೋಡಿ ಹಾಕಿ. ನಿಮ್ಮ ಗೇಜ್‌ಗೆ ಬೇಕಾದ್ದು ಖಾಲಿಗೆ 0, ಫುಲ್‌ಗೆ 90 ಓಮ್ಸ್. ಆ ಕಾಲದ ಬ್ಲೇಝರ್ ಸೆಂಡರ್ ಕೂಡ ಅದೇ. ಆದರೆ ಕೆಲವರು ಹಳೇ ಮಸ್ಟಾಂಗ್ ಟ್ಯಾಂಕ್ ಹಾಕುತ್ತಾರೆ, ಅದು ಚಪ್ಪಟೆ ಇರುತ್ತದೆ ಅಂತ. ಫೋರ್ಡ್ ಸೆಂಡರ್ ಉಲ್ಟಾ: ಖಾಲಿ ಇದ್ದಾಗ 73, ಫುಲ್ ಆದಾಗ 10ರ ಹತ್ತಿರ. ನಿಮ್ಮ ಗೇಜ್‌ಗೆ ಅದನ್ನು ಕೊಟ್ಟರೆ ಟ್ಯಾಂಕ್ ಖಾಲಿ ಆಗುತ್ತಾ ಹೋದಂತೆ ಮುಳ್ಳು ಮೇಲೇರುತ್ತದೆ. ರಸ್ತೆ ಮಧ್ಯೆ ನಿಂತಾಗಲೂ ಮುಕ್ಕಾಲು ಟ್ಯಾಂಕ್ ಅನ್ನುತ್ತಿರುತ್ತದೆ.

ಇನ್ನೊಂದು. ಬೆಡ್ ಕೆಳಗಿನ ಟ್ಯಾಂಕ್ ಕೆಳಗೆ ರಬ್ಬರ್ ಪಟ್ಟಿ, ಮೇಲೆ ದಪ್ಪ ಪೇಂಟ್. ಅರ್ಥ್ ಸಿಗುವುದಿಲ್ಲ. ಮುಳ್ಳು ಫುಲ್ ದಾಟಿ ಹೋಗಿ ಅಲ್ಲೇ ಒರಗಿಕೊಳ್ಳುತ್ತದೆ. ಸೆಂಡರ್ ತಟ್ಟೆಯಿಂದ ಚಾಸಿಗೆ ಒಂದು ವೈರ್ ಎಳೆಯಿರಿ. ಚಾಸಿ ಕಡೆ ಪೇಂಟ್ ಕೆರೆದು, ಹೊಳೆಯುವ ಕಬ್ಬಿಣ ಕಂಡ ಮೇಲೆ ಬೋಲ್ಟ್ ಹಾಕಿ.

ಎಲ್‌ಎಸ್_ಪ್ರಿಯ:
ಅಕ್ಕ, ನನ್ನದು ಡಿಜಿಟಲ್ ಗೇಜ್. ಯಾವ ಸೆಂಡರ್ ಆದರೂ ಸೆಟ್ ಮಾಡಿಕೊಳ್ಳಬಹುದು.

ಓಮ್ಸ್_ಅಕ್ಕ:
ಸಂತೋಷ ಕಣಪ್ಪ.

ಸ್ಟಾಕ್_ಸಾಕು:
ನನ್ನ ಹಟಕ್ಕೆ ವಾಪಸ್ ಬರುತ್ತೇನೆ. ವಾಸನೆ ಯಾವಾಗ ಜಾಸ್ತಿ? ಯಾವಾಗಲೂ ಒಂದೇ ಥರವಾ, ಇಲ್ಲ ಟ್ಯಾಂಕ್ ತುಂಬಿಸಿದ ಮೇಲಾ?

ಹಳೇಸಿ10:
ಫುಲ್ ಮಾಡಿಸಿದ ದಿನ. ತಿರುವಿನಲ್ಲಿ ಇನ್ನೂ ಜಾಸ್ತಿ. ಅರ್ಧಕ್ಕೆ ಬಂದ ಮೇಲೆ ಅಷ್ಟಿಲ್ಲ. ಯಾಕೆ?

ಸ್ಟಾಕ್_ಸಾಕು:
ಇದನ್ನು ಮೊದಲ ಸಾಲಿನಲ್ಲೇ ಬರೆಯಬಾರದಿತ್ತಾ! ಟ್ಯಾಂಕ್‌ನ ಮೇಲ್ಭಾಗದಲ್ಲೇ ಸೋರುತ್ತಿದೆ. ಹೋಸ್‌ನ ಕ್ಲಿಪ್, ಸೆಂಡರ್ ಅಂಚು, ಗಾಳಿ ಪೈಪ್, ಈ ಮೂರರಲ್ಲೇ ಒಂದು. ಸೀಟು ತೆಗೆದು, ಮೂರನ್ನೂ ಒಣಗಿಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಫುಲ್ ಮಾಡಿಸಿ ನಾಲ್ಕು ತಿರುವು ಸುತ್ತಿ ಬನ್ನಿ. ಪುಡಿ ಎಲ್ಲಿ ಒದ್ದೆಯಾಗಿ ಕಂದಾಗಿದೆಯೋ ಅಲ್ಲಿ ಸೋರಿಕೆ. ಒಳಗೆ ಬೀಡಿ, ಬಲ್ಬ್ ಏನೂ ಬೇಡ. ಹಗಲು ಬೆಳಕಿನಲ್ಲೇ ನೋಡಿ, ಬಾಗಿಲು ಎರಡೂ ತೆರೆದಿರಲಿ.

ಗ್ಯಾರೇಜ್_ಗುಂಡ:
ಅವರು ಟ್ಯಾಂಕ್ ಹೊರಗೆ ಹಾಕಬೇಕು ಅಂತಿದ್ದಾರೆ, ನೀವು ಸುಣ್ಣ ಬಳಿಸುತ್ತಿದ್ದೀರಿ.

ಸ್ಟಾಕ್_ಸಾಕು:
ಹೊರಗೆ ಹಾಕಲಿ, ಬೇಡ ಅಂದವರ್ಯಾರು? ಈ ಥರ ಹೋಸ್ ಕೂರಿಸುವವರು ಹೊರಗಡೆಯೂ ಹಾಗೇ ಕೂರಿಸುತ್ತಾರೆ. ಅಲ್ಲಿ ಸೋರಿದರೆ ವಾಸನೆಯೂ ಗೊತ್ತಾಗುವುದಿಲ್ಲ, ಸೈಲೆನ್ಸರ್ ಪಕ್ಕದಲ್ಲೇ ತೊಟ್ಟಿಕ್ಕುತ್ತಿರುತ್ತದೆ.

ಬೆಡ್‌ವುಡ್:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಫಿಲ್ಲರ್, ಅಂದರೆ ಪೆಟ್ರೋಲ್ ತುಂಬುವ ಬಾಯಿಯ ಬಗ್ಗೆ ಯಾರೂ ಮಾತಾಡಿಲ್ಲ. ಜಾಗ ತೀರ್ಮಾನ ಮಾಡುವುದು ಟ್ಯಾಂಕ್ ಅಲ್ಲ, ಫಿಲ್ಲರ್. ಈಗಿನ ಮುಚ್ಚಳ ಕ್ಯಾಬಿನ್ ಪಕ್ಕದಲ್ಲಿದೆ. ಟ್ಯಾಂಕ್ ಹಿಂದೆ ಹೋದರೆ ಅದು ಉಪಯೋಗಕ್ಕಿಲ್ಲ. ದೂರದ ಮಾತು ಹಾಗಿರಲಿ, ಕ್ಯಾಬಿನ್ ಬೇರೆ ಅಲ್ಲಾಡುತ್ತದೆ, ಬೆಡ್ ಬೇರೆ ಅಲ್ಲಾಡುತ್ತದೆ. ಉಳಿದದ್ದು ಮೂರು ದಾರಿ: ಬೆಡ್ ಪಕ್ಕ ಕೊರೆದು ಸಣ್ಣ ಬಾಗಿಲು, ಬೆಡ್ ನೆಲದಲ್ಲಿ ಮುಚ್ಚಳ, ಇಲ್ಲ ನಂಬರ್ ಪ್ಲೇಟ್ ಹಿಂದೆ. ನೆಲದಲ್ಲಿ ಇಟ್ಟರೆ ಹೋಸ್ ನೆಟ್ಟಗೆ ಕೆಳಗಿಳಿಯುತ್ತದೆ, ಚೆನ್ನಾಗಿ ತುಂಬುತ್ತದೆ. ಆದರೆ ಬೆಡ್‌ನಲ್ಲಿ ಸಾಮಾನು ಇದ್ದರೆ ಬಂಕ್‌ನಲ್ಲಿ ಎಲ್ಲ ಇಳಿಸಬೇಕು. ಪಕ್ಕದಿಂದ ತಂದರೆ ನೋಡೋಕೆ ಚೆಂದ, ಆದರೆ ಹೋಸ್ ಚಾಸಿ ರೈಲ್ ದಾಟಿ ಬರಬೇಕು. ಅಲ್ಲಿ ಒಂಚೂರು ಹೊಟ್ಟೆ ಬಿಟ್ಟರೂ ಪೆಟ್ರೋಲ್ ಅಲ್ಲೇ ನಿಲ್ಲುತ್ತದೆ, ಒಳಗಿನ ಗಾಳಿ ಹೊರಗೆ ಬರುವುದಿಲ್ಲ. ನಾಝಲ್ ಟಕ್ ಟಕ್ ಅಂತ ಕಟ್ ಆಗುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಒಂದೇ. ಟ್ಯಾಂಕ್‌ನ ಅತಿ ಎತ್ತರದ ಜಾಗದಿಂದ ಒಂದು ಗಾಳಿ ಪೈಪ್ ಹೊರಟು ಫಿಲ್ಲರ್ ಬಾಯಿಯ ಹತ್ತಿರ ಸೇರಬೇಕು. ಗಾಡಿ ಓಡುವಾಗ ಉಸಿರಾಡಲು ಬೇರೊಂದು ವೆಂಟ್, ಅದರಲ್ಲಿ ಗಾಡಿ ಮಗುಚಿದರೆ ಪೆಟ್ರೋಲ್ ಸೋರದಂತೆ ತಡೆಯುವ ರೋಲ್‌ಓವರ್ ವಾಲ್ವ್. ವೆಂಟ್ ಮುಚ್ಚಿಹೋದರೆ ಟ್ಯಾಂಕ್ ಒಳಗೆ ನಿರ್ವಾತ ಆಗಿ ಇಂಜಿನ್‌ಗೆ ಪೆಟ್ರೋಲ್ ಸಿಗುವುದಿಲ್ಲ. ಆಗ ಎಲ್ಲರೂ ಬೈಯುವುದು ಪಂಪ್‌ಗೆ.

ಎಲ್‌ಎಸ್_ಪ್ರಿಯ:
ಹೌದು. ಹೋಸ್ ಬಗ್ಗೆಯೂ ಒಂದು ಮಾತು. ಪಂಪ್ ಟ್ಯಾಂಕ್ ಒಳಗಿದ್ದರೆ ಅಲ್ಲಿ ಮಾಮೂಲಿ ಹೋಸ್ ಹಾಕಬೇಡಿ, ಹೊರಗಿನ ಪದರ ಪೆಟ್ರೋಲ್‌ನಲ್ಲಿ ನೆನೆದು ಉಬ್ಬುತ್ತದೆ. ಮುಳುಗಿಸಲು ಜೆ30ಆರ್10 ಎಂಬ ಗುರುತಿನದ್ದೇ ಬೇಕು. ಇಂಜೆಕ್ಷನ್ ಹೊರಗಿನ ಲೈನ್‌ಗೆ ಆರ್9. ಕಾರ್ಬೊರೇಟರ್‌ಗೆ ಆರ್7 ಸಾಕು.

ಗ್ಯಾರೇಜ್_ಗುಂಡ:
ಮೊದಲ ಸಲ ಕೆಲಸಕ್ಕೆ ಬರುವ ಮಾತು ಹೇಳಿದಿರಿ. ಹಳೇಸಿ10, ಆರ್ಡರ್ ಮಾಡಿದಿರಾ?

ಹಳೇಸಿ10:
ಇಲ್ಲ. ಬ್ಲೇಝರ್ ಟ್ಯಾಂಕ್ ಎಷ್ಟು ಕೆಳಗೆ ಇಳಿಯುತ್ತದೆ? ಗಾಡಿ ಹಿಂದೆ 6 ಇಂಚು ಇಳಿಸಿದ್ದೇನೆ. ಆಕ್ಸಲ್‌ಗೆ ಜಾಗ ಸಿಗಲಿ ಅಂತ ಚಾಸಿ ಕತ್ತರಿಸಿ ಸಿ-ನಾಚ್ ಮಾಡಿಸಿದೆ. ಡಬಲ್ ಸೈಲೆನ್ಸರ್ ಆಕ್ಸಲ್ ಮೇಲಿಂದ ಹೋಗಿ ಹಿಂದೆ ಬಂಪರ್ ಕೆಳಗೆ ಬರುತ್ತದೆ. ಟ್ರೇಲರ್ ಹಿಚ್ ಕೂಡ ಇದೆ.

ಗ್ಯಾರೇಜ್_ಗುಂಡ:
...

ಗ್ಯಾರೇಜ್_ಗುಂಡ:
ಇಷ್ಟು ಹೊತ್ತು ಇದನ್ನೆಲ್ಲ ಯಾರಿಗೆ ಅಂತ ಬಚ್ಚಿಟ್ಟಿದ್ದಿರಿ?

ಹಳೇಸಿ10:
ಸಿ10 ಅಂದರೆ ಎಲ್ಲರೂ ಇಳಿಸಿಯೇ ಇರುತ್ತಾರಲ್ಲ.

ಸ್ಟಾಕ್_ಸಾಕು:
ನನ್ನದು ಇಳಿಸಿಲ್ಲ.

ಬೆಡ್‌ವುಡ್:
ಹಾಗಾದರೆ ಬ್ಲೇಝರ್ ಟ್ಯಾಂಕ್ ಆರ್ಡರ್ ಮಾಡುವ ಮೊದಲು ರಟ್ಟಿನಲ್ಲಿ ಒಂದು ಮಾಡಿ. ಅದೇ ಉದ್ದ, ಅಗಲ, ಆಳ. ದಾರ ಕಟ್ಟಿ ರೈಲ್ ನಡುವೆ ತೂಗುಹಾಕಿ. ಜ್ಯಾಕ್ ಕೊಟ್ಟು ಆಕ್ಸಲನ್ನು ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿ. ಡಿಫರೆನ್ಶಿಯಲ್ ಹಿಂಭಾಗಕ್ಕೂ ರಟ್ಟಿಗೂ ಎಷ್ಟು ಸಂದಿ ಉಳಿಯಿತು ನೋಡಿ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಎಲ್ಲಿ ಬಂತು ನೋಡಿ. ಆಮೇಲೆ ಹಿಚ್‌ನ ತಳಕ್ಕೆ ಒಂದು ಪಟ್ಟಿ ಹಿಡಿಯಿರಿ. ಟ್ಯಾಂಕ್ ಅದಕ್ಕಿಂತ ಕೆಳಗೆ ಬಂದರೆ ಮೊದಲ ಇಳಿಜಾರಿನಲ್ಲೇ ನೆಲ ಮುಟ್ಟುವುದು ಟ್ಯಾಂಕ್. ಪಿಂಟೋ ಅವರ ಭಯ ಪೂರ್ತಿ ಸುಳ್ಳಲ್ಲ. ಆ ವಾಪಸಾತಿಯಲ್ಲಿ ಕಂಪನಿ ಮಾಡಿದ್ದೂ ಇದನ್ನೇ: ಟ್ಯಾಂಕ್ ಮುಂದೆ ಪ್ಲಾಸ್ಟಿಕ್ ತಡೆ, ಜೊತೆಗೆ ಉದ್ದದ ಫಿಲ್ಲರ್ ಪೈಪ್.

ಪಿಂಟೋ_ನೆನಪಿರಲಿ:
ಧನ್ಯವಾದ. ಕೊನೆಗೂ ಒಬ್ಬರು ಒಪ್ಪಿದರು.

ಗ್ಯಾರೇಜ್_ಗುಂಡ:
ಯಾರೂ ಒಪ್ಪಿಲ್ಲ. ಸೈಲೆನ್ಸರ್ ಆಕ್ಸಲ್ ಮುಂದೆಯೇ ಪಕ್ಕಕ್ಕೆ ತಿರುಗಿಸಿ, ಬೆಡ್ ನೆಲ ಎತ್ತರಿಸಿ. ಬ್ಲೇಝರ್ ಕೂರುತ್ತದೆ.

ಹಳೇಸಿ10:
ಸುಣ್ಣ ಬಳಿದು ನೋಡಿದೆ. ಸೆಂಡರ್ ಸುತ್ತ ಒಣಗಿದೆ. ಫಿಲ್ಲರ್ ಹೋಸ್‌ನ ಕೆಳಗಿನ ಕ್ಲಿಪ್ ಹತ್ತಿರ ಬೆರಳಗಲ ಒದ್ದೆ. ಹೋಸ್ ತೆಗೆದು ಬಗ್ಗಿಸಿದರೆ ಒಳಗಡೆ ಬಿರುಕು ಬಾಯಿ ಬಿಡುತ್ತದೆ, ಹೊರಗಿಂದ ಏನೂ ಕಾಣಿಸುವುದಿಲ್ಲ. ಹೊಸದು ಹಾಕುತ್ತೇನೆ. ಆದರೆ ಟ್ಯಾಂಕ್ ಹೊರಗೆ ಹೋಗುವುದು ಹೋಗುವುದೇ. ಸೀಟು ಹಿಂದಕ್ಕೆ ಸರಿಯಬೇಕು, ನನ್ನ ಮೊಣಕಾಲು ಸ್ಟೀರಿಂಗ್‌ಗೆ ತಾಗುತ್ತಿದೆ.

ಸ್ಟಾಕ್_ಸಾಕು:
ವಾಸನೆ ಹೋಯಿತು, ಈಗ ಮೊಣಕಾಲು ಬಂತು.

ಓಮ್ಸ್_ಅಕ್ಕ:
ಹಳೇ ಟ್ಯಾಂಕ್ ಮನೆಯಲ್ಲಿದ್ದರೆ ಅದಕ್ಕೆ ವೆಲ್ಡಿಂಗ್ ಮಾಡಿಸಿ ಬಳಸುವ ಯೋಚನೆ ಬೇಡ. ಖಾಲಿ ಟ್ಯಾಂಕ್‌ನಲ್ಲಿ ಆವಿ ತುಂಬಿರುತ್ತದೆ, ತುಂಬಿದ್ದಕ್ಕಿಂತ ಅದೇ ಅಪಾಯ. ಹೊಸ ಬ್ರಾಕೆಟ್‌ಗಳನ್ನೂ ಟ್ಯಾಂಕ್ ದೂರವಿಟ್ಟು, ಬ್ಯಾಟರಿ ವೈರ್ ತೆಗೆದು ವೆಲ್ಡ್ ಮಾಡಿಸಿ.

ಎಲ್‌ಎಸ್_ಪ್ರಿಯ:
ಟ್ಯಾಂಕ್ ಹೇಗೂ ಇಳಿಸುತ್ತೀರಿ. ಇದೇ ಸಮಯಕ್ಕೆ ಇಂಜೆಕ್ಷನ್‌ಗೂ ಬದಲಾಯಿಸಿಬಿಡಿ. ಫೋಟೋ ಹಾಕಿದ್ದೇನೆ ನೋಡಿ. ಲೈನ್ ಕ್ಲಾಂಪ್ ಎಲ್ಲ ಒಂದೇ ಅಂತರದಲ್ಲಿದೆ.

ಬೆಡ್‌ವುಡ್:
ಕ್ಲಾಂಪ್ ಬಿಡಿ, ಆ ಫೋಟೋದಲ್ಲಿ ಬೆಡ್‌ನ ಹಲಗೆ ಯಾವ ಮರ? ಓಕ್ ಥರ ಕಾಣಿಸುತ್ತಿದೆ.

ಎಲ್‌ಎಸ್_ಪ್ರಿಯ:
ಓಕ್ ಅಲ್ಲ, ಆಶ್. ಎಣ್ಣೆ ಕೊಟ್ಟಿದ್ದೇನೆ, ವಾರ್ನಿಷ್ ಅಲ್ಲ.

ಮಾಡರೇಟರ್:
ಮರದ ಮಾತು ಬೆಡ್ ವಿಭಾಗಕ್ಕೆ ಹೋಗಲಿ. ಹಳೇಸಿ10 ಅವರೇ, ರಟ್ಟಿನ ಅಳತೆ ತೆಗೆದ ಮೇಲೆ ಇಲ್ಲೇ ಹಾಕಿ.

ಗ್ಯಾರೇಜ್_ಗುಂಡ:
ಹಾಕಿದರಾ?

ಗ್ಯಾರೇಜ್_ಗುಂಡ:
ಇನ್ನೂ ಇಲ್ಲವಾ? ನನ್ನ ಹತ್ತಿರ ಒಂದು ಬ್ಲೇಝರ್ ಟ್ಯಾಂಕ್ ಇದೆ, ತುಕ್ಕಿಲ್ಲ, ಸೆಂಡರ್ ಸಮೇತ. ಬೇಕಿದ್ದವರು ಕೇಳಿ.

ಪಿಂಟೋ_ನೆನಪಿರಲಿ:
ಈಗ ಗೊತ್ತಾಯಿತು.