ಹೀಟರ್ ಫ್ಯಾನ್ 4ನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಹೀಟರ್ ಫ್ಯಾನ್ 1, 2, 3ರಲ್ಲಿಟ್ಟರೆ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. 4ಕ್ಕೆ ಹಾಕಿದ ಕೂಡಲೇ ಜೋರಾಗಿ ಗಾಳಿ ಬರುತ್ತದೆ. ಎಸಿಗೂ ಅದೇ ಫ್ಯಾನ್ ಆದ್ದರಿಂದ ಅಲ್ಲೂ ಇದೇ ಕಥೆ.

ಫ್ಯೂಸ್ ಸರಿಯಿದೆ. 4ರಲ್ಲಿ ಓಡುತ್ತಿದೆ ಅಂದ ಮೇಲೆ ಮೋಟಾರ್ ಪೂರ್ತಿ ಸತ್ತಿಲ್ಲ, ಅಲ್ವಾ? ಆ ಸ್ಪೀಡಿನಲ್ಲಿ ಕರೆಂಟ್ ರೆಸಿಸ್ಟರ್ (ಕಡಿಮೆ ಸ್ಪೀಡುಗಳಿಗಾಗಿ ಕರೆಂಟ್ ತಗ್ಗಿಸುವ ಭಾಗ) ಮೂಲಕ ಹೋಗದೆ ನೇರ ಮೋಟಾರಿಗೆ ಹೋಗುತ್ತದೆ. ಹಾಗಾಗಿ ಅನುಮಾನ ರೆಸಿಸ್ಟರ್ ಮೇಲೆಯೇ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಟ್ಟು, ಗ್ಲೋವ್ ಬಾಕ್ಸ್ ಕಳಚಿ ಅದನ್ನು ಹೊರಗೆ ತೆಗೆದೆ. ಸುರುಳಿ ತಂತಿಗಳು ನೋಡಲು ಚೆನ್ನಾಗಿಯೇ ಇವೆ. ಆದರೆ ಅದರಲ್ಲೇ ಇರುವ, ಬಿಸಿ ಜಾಸ್ತಿಯಾದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್‌ಗೆ ಮಲ್ಟಿಮೀಟರ್ ಹಿಡಿದರೆ ಬೀಪ್ ಇಲ್ಲ, ಅಂದರೆ ಅದು ಕಡಿದುಹೋಗಿದೆ. ಕನೆಕ್ಟರಿನ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿದೆ.

ಹೊಸ ರೆಸಿಸ್ಟರ್ ಹಾಕುವುದು ಎರಡು ಸ್ಕ್ರೂ ಕೆಲಸ. ನನ್ನ ಭಯ ಬೇರೆ. ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಬಿಗಿ ಅನ್ನಿಸುತ್ತದೆ, ಬಿಟ್ಟ ತಕ್ಷಣ ನಿಂತುಬಿಡುತ್ತದೆ. ಒಳಗೆ ಒಣಗಿದ ಎಲೆ ಚೂರುಗಳಿದ್ದವು, ತೆಗೆದ ಮೇಲೂ ಹಾಗೇ ಇದೆ. ಬೇರಿಂಗ್ ಹಿಡಿದುಕೊಂಡು ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿದ್ದರೆ ಹೊಸ ರೆಸಿಸ್ಟರೂ ಸುಟ್ಟುಹೋಗುತ್ತದೆ. ಅಳೆದು ನೋಡೋಣ ಅಂದರೆ ನನ್ನ ಮಲ್ಟಿಮೀಟರ್ 10 ಆಂಪ್ಸ್‌ವರೆಗೆ ಮಾತ್ರ.

ಮೋಟಾರನ್ನೂ ಈಗಲೇ ಬದಲಿಸಲೇ, ಇಲ್ಲ ಒಂದೆರಡು ಹನಿ ಎಣ್ಣೆ ಬಿಟ್ಟು ನೋಡಲೇ? ಕನೆಕ್ಟರ್ ಬದಲಿಸುವಾಗ ವೈರಿಗೆ ಸೋಲ್ಡರ್ ಒಳ್ಳೆಯದೋ, ಕ್ರಿಂಪ್ (ಲೋಹದ ತುಂಡಿನಲ್ಲಿಟ್ಟು ಒತ್ತಿ ಕೂಡಿಸುವುದು) ಒಳ್ಳೆಯದೋ? ಥರ್ಮಲ್ ಫ್ಯೂಸ್ ಜಾಗಕ್ಕೆ ಸುಮ್ನೆ ತಂತಿ ಸುತ್ತು ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ, ಕಾರಿಗೆ ಬೆಂಕಿ ಹಚ್ಚುವ ಆಸೆ ನನಗಿಲ್ಲ.