ಸಹಾಯ ಬೇಕು: ಹಳೆಯ ಕಲ್ಲಚ್ಚಿನ ಚಿತ್ರಗಳಿಗೆ ಬೂಷ್ಟು ಹಿಡಿದಿದೆ

ಮಡಿಕೇರಿ ಸಮೀಪದ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಮೂರು ಕಲ್ಲಚ್ಚಿನ (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿ ತೆಗೆದ, ಲಿಥೋಗ್ರಾಫ್) ಚಿತ್ರಗಳು ಸಿಕ್ಕಿವೆ. ಎರಡರಲ್ಲಿ ಬರೀ ಕುದುರೆಗಳು. ಮೂರನೆಯದರಲ್ಲಿ ಕುದುರೆಯ ಗೊರಸನ್ನು ತೊಡೆಗಳ ನಡುವೆ ಹಿಡಿದು ಲಾಳ ಹೊಡೆಯುತ್ತಿರುವ ಕಮ್ಮಾರ. ಎಷ್ಟು ನೋಡಿದರೂ ಸಾಲದು. ಭೂತಗನ್ನಡಿ ಹಿಡಿದರೆ ಈಗಿನ ಅಚ್ಚಿನ ಸಾಲುಚುಕ್ಕಿಗಳಿಲ್ಲ, ಕಲ್ಲಿನ ಮೇಲೆ ಜಿಡ್ಡಿನ ಬಳಪ ಎಳೆದಂತಹ ತರಿತರಿ ಗೆರೆಗಳಿವೆ. 1796ರಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ವಿಧಾನವಿದು.

ಈ ಮಳೆಗಾಲದಲ್ಲಿ ಕಮ್ಮಾರನ ಚಿತ್ರದ ಅಂಚಿಗೆ ಬೂಷ್ಟು ಬಂದು, ಕಾಗದ ಗಾಜಿಗೆ ಅಂಟಿಕೊಂಡಿದೆ. ಎಳೆದರೆ ಹರಿದೀತೆಂದು ಮುಟ್ಟಿಲ್ಲ. ಚೌಕಟ್ಟು ಹಾಕುವ ಅಂಗಡಿಯವರು ಬಿಡಿಸಿ ರಟ್ಟಿಗೆ ಅಂಟಿಸೋಣ ಎಂದರು. ನನ್ನ ಮನಸ್ಸು ಒಪ್ಪಲಿಲ್ಲ. ಮಡಿಕೇರಿಯಲ್ಲಾಗಲಿ ಮೈಸೂರಿನಲ್ಲಾಗಲಿ ಹಳೆಯ ಕಾಗದ ಉಳಿಸುವ ಕೆಲಸ ಬಲ್ಲವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಅದನ್ನು ಹೇಗೆ ಇಟ್ಟುಕೊಳ್ಳಲಿ?