ಅಮೆರಿಕದ 1996ರ ಕಲ್ಯಾಣ ಸುಧಾರಣೆಯಿಂದ ಮಕ್ಕಳ ಬಡತನ ನಿಜಕ್ಕೂ ತಗ್ಗಿತೇ?

ತುಂಗಾತೀರ (ಪ್ರಶ್ನೆ)

ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಕಳೆದ ವಾರ ಗೃಹಲಕ್ಷ್ಮಿ ಯೋಜನೆಯ ಮಾತು ಬಂದಾಗ, ಹಿರಿಯ ಸಹೋದ್ಯೋಗಿಯೊಬ್ಬರು ಅಮೆರಿಕದ ಉದಾಹರಣೆಯನ್ನು ಮುಂದಿಟ್ಟು ಎಲ್ಲರ ಬಾಯಿ ಮುಚ್ಚಿಸಿದರು. ಅವರ ವಾದದ ಸಾರ ಇಷ್ಟು: ಅಧ್ಯಕ್ಷ ಬಿಲ್ ಕ್ಲಿಂಟನ್ 1996ರ ಆಗಸ್ಟ್ 22ರಂದು ಸಹಿ ಹಾಕಿದ ಕಾಯಿದೆಯು, 1935ರಿಂದ ನಡೆದುಬಂದಿದ್ದ, ಮಕ್ಕಳಿರುವ ಬಡ ಕುಟುಂಬಗಳ ನಗದು ನೆರವನ್ನು ರದ್ದುಪಡಿಸಿ, ಕೆಲಸದ ಷರತ್ತು ಮತ್ತು ಐದು ವರ್ಷಗಳ ಗಡುವು ಇರುವ ತಾತ್ಕಾಲಿಕ ನೆರವನ್ನು ಅದರ ಜಾಗದಲ್ಲಿ ತಂದಿತು, ಕೆಲವೇ ವರ್ಷಗಳಲ್ಲಿ ನೆರವು ಪಡೆಯುವ ಕುಟುಂಬಗಳ ಸಂಖ್ಯೆ ಅರ್ಧಕ್ಕಿಳಿಯಿತು, ಮಕ್ಕಳ ಬಡತನ 1993ರಲ್ಲಿ ಶೇ 22.7 ಇದ್ದದ್ದು 2000ದಲ್ಲಿ ಶೇ 16.2ಕ್ಕೆ ತಗ್ಗಿತು. ಕೊಡುವುದನ್ನು ನಿಲ್ಲಿಸಿದರೆ ಜನ ದುಡಿಯುತ್ತಾರೆ, ದುಡಿದರೆ ಮಕ್ಕಳು ಉಣ್ಣುತ್ತಾರೆ ಎಂದು ಅವರು ಮಾತು ಮುಗಿಸಿದರು.

ಮನೆಗೆ ಬಂದು ಓದತೊಡಗಿದಾಗ ಎರಡು ಸಂಗತಿಗಳು ನನ್ನನ್ನು ಗೊಂದಲಕ್ಕೆ ತಳ್ಳಿದವು. ಮೊದಲನೆಯದು, ಅವರು ಹೇಳಿದ ಇಳಿಕೆ 1993ರಿಂದಲೇ ಶುರುವಾಗಿದೆ, ಕಾಯಿದೆ ಬಂದದ್ದು 1996ರಲ್ಲಿ. ಎರಡನೆಯದು, ಅದೇ ದೇಶ 2021ರಲ್ಲಿ ಯಾವ ಕೆಲಸದ ಷರತ್ತೂ ಇಲ್ಲದೆ ಮಕ್ಕಳಿರುವ ಮನೆಗಳಿಗೆ ತಿಂಗಳು ತಿಂಗಳು ಹಣ ಕಳುಹಿಸಿದಾಗಲೂ ಮಕ್ಕಳ ಬಡತನ ತೀವ್ರವಾಗಿ ಇಳಿದಿದೆ. ಕೊಡದೆಯೂ ತಗ್ಗಿತು, ಕೊಟ್ಟಾಗಲೂ ತಗ್ಗಿತು ಎಂದರೆ ಯಾವುದನ್ನು ನಂಬಬೇಕು? ಈ ವಿಷಯವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರಿಸಬೇಕು.

ಅಂಕಿಗಣ್ಣು

ನಿಮ್ಮ ಮೊದಲ ಸಂದೇಹದಲ್ಲಿಯೇ ಅರ್ಧ ಉತ್ತರವಿದೆ. 1993ರಲ್ಲಿ, ಅಂದರೆ ಕಲ್ಯಾಣ ಕಾಯಿದೆಗೆ ಮೂರು ವರ್ಷ ಮುಂಚೆ, ಕ್ಲಿಂಟನ್ ಸರ್ಕಾರ ದುಡಿಯುವ ಬಡವರಿಗೆ ಸಿಗುವ ‘ಇಐಟಿಸಿ’ ಎಂಬ ತೆರಿಗೆ ಜಮೆಯನ್ನು ಬಹಳವಾಗಿ ಹಿಗ್ಗಿಸಿತು. ಹೆಸರು ತೆರಿಗೆಯದ್ದಾದರೂ ಅದು ವಾಸ್ತವದಲ್ಲಿ ಕೂಲಿಗೆ ಸರ್ಕಾರ ಸೇರಿಸಿಕೊಡುವ ಹಣ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೂ ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಕನಿಷ್ಠ ಕೂಲಿಯು ಗಂಟೆಗೆ 4.25 ಡಾಲರ್ ಇದ್ದದ್ದು 1997ರ ಹೊತ್ತಿಗೆ 5.15 ಡಾಲರ್ ಆಯಿತು. ಇದೆಲ್ಲಕ್ಕಿಂತ ಮಿಗಿಲಾಗಿ ಆ ದಶಕದ ಕೊನೆಯಲ್ಲಿ ನಿರುದ್ಯೋಗ ಶೇ 4ರ ಆಸುಪಾಸಿಗೆ ಇಳಿದು, ಹೆಚ್ಚು ಓದಿಲ್ಲದ ಒಂಟಿ ತಾಯಂದಿರನ್ನೂ ಅಂಗಡಿ, ಆಸ್ಪತ್ರೆ, ಹೋಟೆಲುಗಳು ಕರೆದು ಕೆಲಸಕ್ಕಿಟ್ಟುಕೊಳ್ಳುವ ಕಾಲ ಬಂದಿತ್ತು. ಗಾಳಿ ಬಂದಾಗ ತೂರಿಕೊಂಡ ರೈತನನ್ನು ಮೆಚ್ಚೋಣ, ಆದರೆ ಗಾಳಿಯನ್ನೂ ಅವನೇ ಬೀಸಿಸಿದ ಎನ್ನಲಾಗದು. ಹೊಸ ಕಾಯಿದೆಗೆ ಈ ಇಳಿಕೆಯಲ್ಲಿ ಪಾಲಿಲ್ಲವೆಂದು ನಾನು ಹೇಳುತ್ತಿಲ್ಲ, ಅದೊಂದೇ ಕಾರಣವಲ್ಲ ಎನ್ನುತ್ತಿದ್ದೇನೆ.

ಇನ್ನೊಂದು ತೊಡಕು ಅಳತೆಗೋಲಿನದು. ನಿಮ್ಮ ಸಹೋದ್ಯೋಗಿ ಬಳಸಿದ್ದು ಅಧಿಕೃತ ಬಡತನ ರೇಖೆ. 1960ರ ದಶಕದಲ್ಲಿ ಮಾಲಿ ಒರ್ಷಾನ್ಸ್ಕಿ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞೆ, ಒಂದು ಕುಟುಂಬದ ಅತಿ ಮಿತವ್ಯಯದ ಊಟದ ಖರ್ಚನ್ನು ಮೂರರಿಂದ ಗುಣಿಸಿ ರೂಪಿಸಿದ ಗೆರೆ ಅದು. ಆ ಲೆಕ್ಕದಲ್ಲಿ ಫುಡ್ ಸ್ಟಾಂಪ್ (ಬಡವರಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ನೆರವು) ಸೇರುವುದಿಲ್ಲ, ತೆರಿಗೆ ಜಮೆಯೂ ಸೇರುವುದಿಲ್ಲ; ಸರ್ಕಾರ ಈ ದಾರಿಗಳಲ್ಲಿ ಎಷ್ಟು ಕೊಟ್ಟರೂ ಕಾಗದದ ಮೇಲೆ ಬಡತನ ತಗ್ಗದು. 2011ರಿಂದ ಜನಗಣತಿ ಸಂಸ್ಥೆಯು ಇವನ್ನೆಲ್ಲ ಸೇರಿಸಿಕೊಂಡು, ಮನೆ ಬಾಡಿಗೆ ಮತ್ತು ಔಷಧದ ಖರ್ಚನ್ನೂ ಗಣನೆಗೆ ತೆಗೆದುಕೊಂಡು ಪೂರಕ ಮಾಪನವೊಂದನ್ನು ಪ್ರಕಟಿಸುತ್ತಿದೆ. ನೀವು 2021ರ ಬಗ್ಗೆ ಓದಿದ ಅಂಕಿ ಈ ಪೂರಕ ಮಾಪನದ್ದು: 2020ರಲ್ಲಿ ಶೇ 9.7, 2021ರಲ್ಲಿ ಶೇ 5.2, ಹಣ ನಿಂತ ಮೇಲೆ 2022ರಲ್ಲಿ ಶೇ 12.4. ಶೇ 16.2 ಮತ್ತು ಶೇ 5.2ನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಸೇರನ್ನೂ ಮೊಳವನ್ನೂ ಹೋಲಿಸಿದಂತಾಗುತ್ತದೆ.

ಓಹಾಯೊ ನಿವಾಸಿ

ನಾನು ಹಾಸನ ಜಿಲ್ಲೆಯವನು. ಹದಿನಾಲ್ಕು ವರ್ಷಗಳಿಂದ ಅಮೆರಿಕದ ಓಹಾಯೊ ರಾಜ್ಯದಲ್ಲಿದ್ದೇನೆ, ಶನಿವಾರಗಳಂದು ಒಂದು ಆಹಾರ ವಿತರಣಾ ಕೇಂದ್ರದಲ್ಲಿ ಕೈಜೋಡಿಸುತ್ತೇನೆ. ಅಂಕಿಗಣ್ಣು ಅವರು ಹೇಳಿದ್ದು ಸರಿ. ಆದರೆ ಈ ಕಾಯಿದೆಯ ಒಳಗಿನ ಯಂತ್ರ ಹೇಗೆ ತಿರುಗುತ್ತದೆ ಎಂಬುದನ್ನು ನೋಡದ ಹೊರತು ‘ನೆರವು ಪಡೆಯುವವರು ಅರ್ಧವಾದರು’ ಎಂಬ ಮಾತಿನ ಅರ್ಥ ಪೂರ್ತಿ ಆಗುವುದಿಲ್ಲ.

ಹಳೆಯ ಪದ್ಧತಿಯಲ್ಲಿ ಅರ್ಹರಾದ ಎಲ್ಲರಿಗೂ ನೆರವು ಕೊಡಲೇಬೇಕಾಗಿತ್ತು. ಬಡವರು ಹೆಚ್ಚಿದರೆ ಕೇಂದ್ರದ ಹಣವೂ ಹೆಚ್ಚುತ್ತಿತ್ತು. 1996ರ ನಂತರ ಕೇಂದ್ರವು ರಾಜ್ಯಗಳಿಗೆ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರುಗಳ ಇಡುಗಂಟನ್ನು ಕೊಟ್ಟು ಕೈತೊಳೆದುಕೊಂಡಿತು. ಆ ಮೊತ್ತ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಇದೆ. ಬೆಲೆಯೇರಿಕೆಯಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧದಷ್ಟು ಕರಗಿಹೋಗಿದೆ. ಆ ಹಣವನ್ನು ರಾಜ್ಯಗಳು ನಗದು ನೆರವಿಗೇ ಬಳಸಬೇಕೆಂದಿಲ್ಲ. ಕಾಯಿದೆಯ ಉದ್ದೇಶಗಳಿಗೆ ಹೇಗೋ ಹೊಂದುತ್ತದೆ ಎನ್ನಬಹುದಾದ ಯಾವ ಬಾಬತ್ತಿಗೂ ಹಾಕಬಹುದು. ಮಿಸಿಸಿಪಿ ರಾಜ್ಯದಲ್ಲಿ ಈ ನಿಧಿಯ ದುಡ್ಡು ವಿಶ್ವವಿದ್ಯಾಲಯವೊಂದರ ವಾಲಿಬಾಲ್ ಕ್ರೀಡಾಂಗಣಕ್ಕೂ ಹೋಗಿತ್ತೆಂಬ ಹಗರಣವನ್ನು ನೀವು ಕೇಳಿರಬಹುದು. ಅದೇ ರಾಜ್ಯದಲ್ಲಿ ಮೂವರ ಕುಟುಂಬಕ್ಕೆ ಸಿಗುತ್ತಿದ್ದ ಗರಿಷ್ಠ ನೆರವು 2021ರವರೆಗೂ ತಿಂಗಳಿಗೆ 170 ಡಾಲರ್, ಅಂದರೆ ಇಲ್ಲಿ ಎರಡು ವಾರದ ದಿನಸಿಗೂ ಸಾಲದ ಹಣ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಯನ್ನು ಕಾಯಿದೆಯ ರೂಪದಲ್ಲಿ ಬರೆದರೆ ಹೀಗೆಯೇ ಇರುತ್ತದೆ.

ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ಇನ್ನೊಂದು ನಿಯಮ. ನೆರವು ಪಡೆಯುವ ಕುಟುಂಬಗಳಲ್ಲಿ ಅರ್ಧದಷ್ಟನ್ನಾದರೂ ಕೆಲಸಕ್ಕೆ ಸಂಬಂಧಿಸಿದ ಚಟುವಟಿಕೆಯಲ್ಲಿ ತೊಡಗಿಸಬೇಕೆಂದು ಕಾಯಿದೆಯು ರಾಜ್ಯಗಳಿಗೆ ಗುರಿ ನಿಗದಿಪಡಿಸಿದೆ. ಆದರೆ ಪಟ್ಟಿಯಲ್ಲಿರುವವರ ಸಂಖ್ಯೆ ಇಳಿದಷ್ಟೂ ಆ ಗುರಿಯಲ್ಲಿ ರಿಯಾಯಿತಿ ಸಿಗುತ್ತದೆ, ಮತ್ತು ಪಟ್ಟಿಯಿಂದ ಹೊರಬಿದ್ದ ತಾಯಿಗೆ ಕೆಲಸ ಸಿಕ್ಕಿತೋ, ಅರ್ಜಿಯ ಹಾಳೆ ತಪ್ಪಿಹೋಯಿತೋ ಎಂದು ಆ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ. ಕೆಲಸ ಹುಡುಕಿಕೊಡುವುದಕ್ಕಿಂತ ಹೆಸರು ಹೊಡೆದುಹಾಕುವುದು ಅಗ್ಗವಾದಾಗ ಕಚೇರಿಗಳು ಯಾವುದನ್ನು ಮಾಡುತ್ತವೆ ಎಂದು ಕರ್ನಾಟಕದಲ್ಲಿ ಪಡಿತರ ಚೀಟಿಗೆ ಅಲೆದವರಿಗೆ ನಾನು ಹೇಳಬೇಕಾಗಿಲ್ಲ. ಐದು ವರ್ಷ ಎಂಬುದೂ ಕೇಂದ್ರದ ಹೊರಮಿತಿ ಮಾತ್ರ: ಓಹಾಯೊ ಅದನ್ನು 36 ತಿಂಗಳಿಗೆ ಇಳಿಸಿಕೊಂಡಿದೆ, ಅರಿಜೋನಾ 12 ತಿಂಗಳಿಗೆ.

1996ರಲ್ಲಿ ಮಕ್ಕಳಿರುವ ಪ್ರತಿ 100 ಬಡ ಕುಟುಂಬಗಳಲ್ಲಿ 68ಕ್ಕೆ ನಗದು ನೆರವು ತಲಪುತ್ತಿತ್ತು, 2020ರಲ್ಲಿ 21ಕ್ಕೆ. ನೆರವಿನ ನಿಜವಾದ ಪರೀಕ್ಷೆ ನಡೆದದ್ದು 2008ರ ಆರ್ಥಿಕ ಕುಸಿತದಲ್ಲಿ. ಆಗ ಫುಡ್ ಸ್ಟಾಂಪ್ ಪಡೆಯುವವರ ಸಂಖ್ಯೆ 2007ರ ಸುಮಾರು 2.6 ಕೋಟಿಯಿಂದ 2013ರ ಹೊತ್ತಿಗೆ 4.7 ಕೋಟಿಗೆ ಏರಿತು, ಏಕೆಂದರೆ ಅದು ಇನ್ನೂ ಹಕ್ಕಾಗಿಯೇ ಉಳಿದಿತ್ತು. ಇಡುಗಂಟಿನ ನಗದು ನೆರವು ಮಾತ್ರ ನಿಂತಲ್ಲೇ ನಿಂತಿತ್ತೆನ್ನಬೇಕು. ಮಕ್ಕಳ ಅಧಿಕೃತ ಬಡತನ 2010ರಲ್ಲಿ ಮತ್ತೆ ಶೇ 22ಕ್ಕೆ, ಅಂದರೆ ನಿಮ್ಮ ಸಹೋದ್ಯೋಗಿ ಆರಂಭಿಸಿದ 1993ರ ಹತ್ತಿರಕ್ಕೇ ಬಂದು ನಿಂತಿತು. ಅವರ ಕಥೆ 2000ದಲ್ಲಿ ನಿಲ್ಲುವುದು ಕಾಕತಾಳೀಯವಲ್ಲ ಎಂದು ನನ್ನ ಗುಮಾನಿ.

ಒಂದು ಮಾತು ವಿಷಯಾಂತರವೆನಿಸಬಹುದು, ಆದರೂ ಹೇಳುತ್ತೇನೆ. ಹೊಸದಾಗಿ ಗ್ರೀನ್ ಕಾರ್ಡ್ ಪಡೆದವರಿಗೆ ಮೊದಲ ಐದು ವರ್ಷ ಕೇಂದ್ರದ ಬಹುತೇಕ ನೆರವುಗಳ ಬಾಗಿಲು ಮುಚ್ಚಿದ್ದು ಇದೇ 1996ರ ಕಾಯಿದೆ. ಕಂಪ್ಯೂಟರ್ ಕೆಲಸದ ಕನ್ನಡಿಗರಿಗೆ ಅದು ತಟ್ಟಿದ್ದು ಕಡಿಮೆ. ಬಂಧುಗಳ ಮೂಲಕ ವಲಸೆ ಬಂದು ಪೆಟ್ರೋಲ್ ಬಂಕು, ಮೋಟೆಲುಗಳಲ್ಲಿ ದುಡಿಯುವ ಭಾರತೀಯ ಕುಟುಂಬಗಳಿಗೆ ಚೆನ್ನಾಗಿಯೇ ತಟ್ಟಿದೆ. ಫುಡ್ ಸ್ಟಾಂಪಿನ ಮಟ್ಟಿಗೆ ಮಕ್ಕಳಿಗಿದ್ದ ತಡೆಯನ್ನು 2002ರ ಕೃಷಿ ಕಾಯಿದೆ ತೆಗೆದುಹಾಕಿತು.

ಹಳೇ ಮೇಷ್ಟ್ರು

ಮೇಲಿನ ಇಬ್ಬರ ಮಾತೂ ತೂಕದ್ದೇ. ಆದರೂ ಆ ಹಿರಿಯ ಸಹೋದ್ಯೋಗಿಯ ಪರವಾಗಿ ಸ್ವಲ್ಪ ವಕಾಲತ್ತು ವಹಿಸುತ್ತೇನೆ. ಹಳೆಯ ಪದ್ಧತಿ ಚೆನ್ನಾಗಿತ್ತೆಂದು ಯಾರೂ ಭಾವಿಸಬಾರದು. ಅದರಲ್ಲಿ ತಾಯಿ ನಾಲ್ಕು ಕಾಸು ದುಡಿದರೆ ನೆರವಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಕಡಿತವಾಗುತ್ತಿತ್ತು. ದುಡಿಮೆಗೆ ಅದು ದಂಡ ಹಾಕಿದಂತೆಯೇ ಇತ್ತು. ಸುಧಾರಣೆಯಾದ ಮೇಲೆ ದೊಡ್ಡ ಸಂಖ್ಯೆಯ ಒಂಟಿ ತಾಯಂದಿರು ಕೆಲಸಕ್ಕೆ ಹೋದರು, ಅವರಲ್ಲಿ ಹಲವರ ಆದಾಯ ನಿಜವಾಗಿಯೂ ಏರಿತು. ಇಡೀ ದೇಶದಲ್ಲಿ ಹಸಿವಿನ ಹಾಹಾಕಾರ ಏಳುತ್ತದೆಂದು ಆಗ ಕೆಲವರು ಹೇಳಿದ ಭವಿಷ್ಯ ನಿಜವಾಗಲಿಲ್ಲ. ಕಾಯಿದೆಯನ್ನು ಪ್ರತಿಭಟಿಸಿ ಕ್ಲಿಂಟನ್ ಆಡಳಿತದಿಂದಲೇ ಪೀಟರ್ ಎಡೆಲ್‌ಮನ್ ಮತ್ತು ಮೇರಿ ಜೋ ಬೇನ್ ರಾಜೀನಾಮೆ ಕೊಟ್ಟಿದ್ದರು. ಅವರ ಆತಂಕ ಪೂರ್ತಿ ಸುಳ್ಳಾಗಲಿಲ್ಲ, ಮೊದಲ ಕೆಲವು ವರ್ಷಗಳಲ್ಲಿ ಪೂರ್ತಿ ನಿಜವೂ ಆಗಲಿಲ್ಲ. ಗೆರೆಯ ಹತ್ತಿರ ಇದ್ದವರು ಗೆರೆ ದಾಟಿದರು; ಕಾಯಿಲೆ, ಕುಡಿತದ ಗಂಡ, ಅಂಗವಿಕಲ ಮಗು, ಬಸ್ಸಿಲ್ಲದ ಊರು ಇಂಥ ಕಾರಣಗಳಿಂದ ದುಡಿಯಲಾಗದವರು ಕೂಲಿಯೂ ಇಲ್ಲದೆ ನೆರವೂ ಇಲ್ಲದೆ ಉಳಿದರು. ಮಕ್ಕಳು ಎರಡೂ ಗುಂಪಿನಲ್ಲಿದ್ದರು.

ಇನ್ನು ಗೃಹಲಕ್ಷ್ಮಿಗೆ ಈ ಉದಾಹರಣೆ ಹೊಂದುವುದಿಲ್ಲ ಎನ್ನುವುದನ್ನು ನಿಮ್ಮ ಚರ್ಚಾಕೂಟದಲ್ಲಿ ಧೈರ್ಯವಾಗಿ ಹೇಳಿ. ತಿಂಗಳ 2,000 ರೂಪಾಯಿ ಮನೆಯ ಯಜಮಾನಿಗೆ ಹೋಗುತ್ತದೆ, ಮನೆಯಲ್ಲಿ ಮಗು ಇರಲಿ ಬಿಡಲಿ. ಅವಳು ನಾಳೆ ಹೆಚ್ಚು ಕೂಲಿ ಗಳಿಸಿದಳೆಂದು ಅದರಲ್ಲಿ ಒಂದು ರೂಪಾಯಿಯೂ ಕಡಿತವಾಗುವುದಿಲ್ಲ. ಅಮೆರಿಕದ ಹಳೆಯ ನೆರವಿನ ದೋಷ ಇದ್ದದ್ದೇ ಆ ಕಡಿತದಲ್ಲಿ. ಅದೂ ಅಲ್ಲದೆ, ನಮ್ಮ ಬಡ ಹೆಂಗಸರು ದುಡಿಯದೆ ಕೂತಿದ್ದಾರೆ ಎಂಬ ಕಲ್ಪನೆ ಬೆಳಿಗ್ಗೆ ಆರು ಗಂಟೆಗೆ ಯಾವುದೇ ಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಬರಲಾರದು.

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಇಡುಗಂಟಿನ ವಿಚಾರ ನನಗೆ ಹೊಸತು. ಉಳಿದಿರುವ ಒಂದೇ ಪ್ರಶ್ನೆ 2021ರದು. ಷರತ್ತಿಲ್ಲದೆ ಹಣ ಬಂದಾಗ ತಂದೆತಾಯಂದಿರು ಕೆಲಸ ಬಿಟ್ಟರೇ? ಮತ್ತು ಬಡತನ ಇಳಿದದ್ದು ಆ ಹಣದಿಂದಲೇ ಎಂದು ಹೇಗೆ ಹೇಳುವುದು, ಅದು ಕೋವಿಡ್ ಕಾಲವಾಗಿತ್ತಲ್ಲ?

ಅಂಕಿಗಣ್ಣು

ನಿಮ್ಮ ಎಚ್ಚರಿಕೆ ಸರಿಯಾಗಿದೆ. 2021ರ ಇಳಿಕೆ ಪೂರ್ತಿಯಾಗಿ ನೀವು ಹೇಳಿದ ಆ ತಿಂಗಳ ಹಣದ್ದು, ಅಂದರೆ ಮಕ್ಕಳ ತೆರಿಗೆ ಜಮೆಯದ್ದು, ಅಲ್ಲ; ಆ ವರ್ಷ ಎಲ್ಲರಿಗೂ ಹಂಚಿದ ಪರಿಹಾರದ ಚೆಕ್ಕುಗಳೂ ಹಿಗ್ಗಿದ ಫುಡ್ ಸ್ಟಾಂಪೂ ಅದರಲ್ಲಿ ಸೇರಿವೆ. ಜನಗಣತಿ ಸಂಸ್ಥೆಯ ಲೆಕ್ಕದಂತೆ ತೆರಿಗೆ ಜಮೆಯೊಂದೇ ಸುಮಾರು 29 ಲಕ್ಷ ಮಕ್ಕಳನ್ನು ಬಡತನದ ಗೆರೆಯಿಂದ ಮೇಲೆತ್ತಿತು.

ಅಲ್ಲಿ ಬದಲಾದದ್ದು ಮೊತ್ತ ಮಾತ್ರವಲ್ಲ. ಅದಕ್ಕೂ ಮೊದಲು ಮಗುವಿಗೆ 2,000 ಡಾಲರುಗಳ ಜಮೆ ಇತ್ತು, ಆದರೆ ತಂದೆತಾಯಿಯ ದುಡಿಮೆ ವರ್ಷಕ್ಕೆ 2,500 ಡಾಲರ್ ದಾಟಿದ ಮೇಲಿನ ಪ್ರತಿ ಡಾಲರಿಗೆ 15 ಸೆಂಟ್‌ನಂತೆ ಮಾತ್ರ ಅದು ಬಡವರ ಕೈಗೆ ಬರುತ್ತಿತ್ತು. ಹಾಗಾಗಿ ಆದಾಯ ತೀರಾ ಕಡಿಮೆಯೆಂಬ ಕಾರಣಕ್ಕೇ ದೇಶದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಪೂರ್ತಿ ಹಣ ಸಿಗುತ್ತಿರಲಿಲ್ಲ, ಅನುಕೂಲವಂತರ ಮಕ್ಕಳಿಗೆ ಸಿಗುತ್ತಿತ್ತು. 2021ರಲ್ಲಿ ಆರು ವರ್ಷದೊಳಗಿನ ಮಗುವಿಗೆ 3,600, ಅದಕ್ಕಿಂತ ದೊಡ್ಡ ಮಗುವಿಗೆ 3,000 ಡಾಲರ್ ಎಂದು ಹೆಚ್ಚಿಸಿ, ಆದಾಯದ ಕೆಳಮಿತಿಯನ್ನು ತೆಗೆದುಹಾಕಿದರು. ಜುಲೈಯಿಂದ ಡಿಸೆಂಬರ್‌ವರೆಗೆ ಅರ್ಧ ಹಣ ತಿಂಗಳ ಕಂತಿನಲ್ಲಿ, ಹೆಚ್ಚಿನವರಿಗೆ ಅರ್ಜಿಯ ಗೊಡವೆಯೇ ಇಲ್ಲದೆ, ನೇರವಾಗಿ ಖಾತೆಗೆ ಬಂತು.

ಕೆಲಸ ಬಿಡುವ ವಿಚಾರದಲ್ಲಿ, ಈ ಬದಲಾವಣೆ ಶಾಶ್ವತವಾದರೆ ಸುಮಾರು 15 ಲಕ್ಷ ತಂದೆತಾಯಂದಿರು ದುಡಿಮೆ ಬಿಡಬಹುದೆಂದು ಚಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದರು. ಆ ಆರು ತಿಂಗಳಲ್ಲಿ ನಡೆದ ಹೆಚ್ಚಿನ ಅಧ್ಯಯನಗಳಿಗೆ ಅಂಥ ಕುಸಿತ ಕಾಣಲಿಲ್ಲ. ಆದರೆ ಆರು ತಿಂಗಳಿಗೆಂದು ಯಾರೂ ನೌಕರಿ ಬಿಡುವುದಿಲ್ಲ; ಆದ್ದರಿಂದ ಇದನ್ನು ಕೊನೆಯ ತೀರ್ಪೆಂದು ನಾನು ಒಪ್ಪುವುದಿಲ್ಲ. ಹಣವೊಂದೇ ಎಲ್ಲವನ್ನೂ ಮಾಡುತ್ತದೆ ಎನ್ನುವವರಿಗೂ ತಣ್ಣೀರು ಎರಚುವ ಪ್ರಯೋಗವೊಂದಿದೆ: ನಾಲ್ಕು ಪ್ರದೇಶಗಳ ಸಾವಿರ ಬಡ ತಾಯಂದಿರಲ್ಲಿ ಕೆಲವರಿಗೆ ತಿಂಗಳಿಗೆ 333 ಡಾಲರ್, ಉಳಿದವರಿಗೆ 20 ಡಾಲರ್ ಕೊಟ್ಟು ನೋಡಿದಾಗ, ನಾಲ್ಕನೇ ವಯಸ್ಸಿನಲ್ಲಿ ಮಕ್ಕಳ ಭಾಷೆ ಮತ್ತು ಬುದ್ಧಿಯ ಬೆಳವಣಿಗೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ. ಅದರ ನಡುವೆ ಕೋವಿಡ್ ಬಂದದ್ದೂ ಒಂದು ಕಾರಣವಿರಬಹುದು.

ಯೋಜನೆಯನ್ನು ಮುಂದುವರಿಸುವ ಮಸೂದೆ ಸೆನೆಟ್‌ನಲ್ಲಿ ಜೋ ಮ್ಯಾಂಚಿನ್ ಅವರ ಒಂದು ಮತ ಸಿಗದೆ ಬಿದ್ದುಹೋಯಿತು. ಅವರು ಕೇಳಿದ್ದೂ ಕೆಲಸದ ಷರತ್ತನ್ನೇ. 2025ರ ಕಾಯಿದೆ ಜಮೆಯನ್ನು 2,200 ಡಾಲರಿಗೆ ಏರಿಸಿದೆ. 2,500 ಡಾಲರುಗಳ ಆ ಹೊಸ್ತಿಲು ಹಾಗೆಯೇ ಇದೆ. ದುಡಿಮೆಯೇ ಇಲ್ಲದ ತಾಯಿಯ ಮಗುವಿಗೆ ಈ ಏರಿಕೆಯಿಂದ ಸಿಗುವುದು ಸೊನ್ನೆ.